ಕಾರು ಊರಾಚೆಯೇ ನಿಲ್ಲಲಿ
2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿ ಬೆಂಗಳೂರು–ಮೈಸೂರು ನಡುವಿನ ಪ್ರಯಾಣವನ್ನು ಬಹಳಷ್ಟು ಚುರುಕಾಗಿಸಿತು, ನಿಜ. ಆದರೆ ಹಾಗೆ ಉಳಿದ ಹೊತ್ತು ದಸರಾ ದಿನಗಳಲ್ಲಿ ಮೈಸೂರು ಅರಮನೆ ಸುತ್ತ ಪಾರ್ಕಿಂಗ್ ಹುಡುಕುವುದರಲ್ಲೇ ಕರಗುತ್ತದೆ. ಹೆದ್ದಾರಿಗೆ ಪಥ ಸೇರಿಸಿದಂತೆ ನಗರದೊಳಗಿನ ಸಯ್ಯಾಜಿರಾವ್ ರಸ್ತೆಗೆ ಸೇರಿಸಲಾಗದು, ಸೇರಿಸಲೂ ಬಾರದು. ಪ್ರವಾಸಿಗರ ಕಾರುಗಳನ್ನು ವರ್ತುಲ ರಸ್ತೆಯ ಬಳಿಯೇ ನಿಲ್ಲಿಸಿ, ಅಲ್ಲಿಂದ ಹತ್ತು ನಿಮಿಷಕ್ಕೊಂದು ಸಿಟಿ ಬಸ್ ಓಡಿಸುವುದೇ ಸರಿಯಾದ ದಾರಿ. ವಯಸ್ಸಾದವರ ಪಾಡೇನು ಎಂಬ ಆಕ್ಷೇಪ ಸಹಜವೇ. ಆದರೆ ಈಗಲೂ ಅವರು ಎಲ್ಲೋ ಜಾಗ ಸಿಕ್ಕಲ್ಲಿ ಇಳಿದು, ಜನಜಂಗುಳಿಯಲ್ಲಿ ನಡೆದೇ ಬರಬೇಕು. ಮೆಟ್ಟಿಲು ತಗ್ಗಾಗಿರುವ ಬಸ್ಸು ಅರಮನೆ ಬಾಗಿಲಿಗೇ ತಂದಿಳಿಸಿದರೆ ಅನುಕೂಲ ಅವರಿಗೇ. ವ್ಯಾಪಾರ ಬೀಳುತ್ತದೆಂಬ ಆತಂಕ ಇನ್ನೂ ದುರ್ಬಲ: ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಕೊಳ್ಳುವವರು ನಡೆದು ಬಂದವರು, ಹಾರ್ನ್ ಹೊಡೆಯುತ್ತ ಸುತ್ತುವವರಲ್ಲ. ಹೋಟೆಲಿನಲ್ಲಿ ತಂಗುವವರ ಕಾರಿಗೆ ಬೇಕಿದ್ದರೆ ಪಾಸ್ ಕೊಡಲಿ. ಜಂಬೂಸವಾರಿಯ ದಿನ ಅದೂ ಬೇಡ.