ಮುಯ್ಯಿ ಪುಸ್ತಕ ಓದೋ ಹುಡುಗಿ ಅರ್ಜಿ ಹಾಕ್ಲಿ ಬಿಡ್ರಿ

ಹೋದ ತಿಂಗಳು ತರೀಕೆರೆಯಿಂದ ನನ್ ತಂಗಿ ಫೋನ್ ಮಾಡಿ, "ಅಕ್ಕಾ, ನಿನ್ ಮಗಳಿಗೆ ನೀನೇ ಬುದ್ಧಿ ಹೇಳು, ನನ್ ಮಾತು ಕೇಳ್ತಿಲ್ಲ" ಅಂದ್ಲು. ನನ್ ಮಗಳು ಅಂದ್ರೆ ಅವಳ ಮಗಳೇ. ದೊಡ್ಡಮ್ಮನಿಗೂ ಮಗಳೇ ತಾನೆ? ಬಿ.ಎ. ಮುಗೀತು, ಇನ್ನು ಬಿ.ಎಡ್. ಮಾಡ್ಕೊಂಡು ಕಡೂರಲ್ಲೋ ಬೀರೂರಲ್ಲೋ ಟೀಚರ್ ಆಗ್ತಾಳೆ ಅಂತ ಎಲ್ರೂ ಅಂದ್ಕೊಂಡಿದ್ವಿ. ಇವಳು ನೋಡಿದ್ರೆ ಮಾನವಶಾಸ್ತ್ರದಲ್ಲಿ ಎಂ.ಎ. ಮಾಡ್ತೀನಿ, ಆಮೇಲೆ ಪಿಎಚ್.ಡಿ.ಗೆ ಹೊರದೇಶಕ್ಕೂ ಅರ್ಜಿ ಹಾಕ್ತೀನಿ ಅಂತ ಹಟ ಹಿಡಿದು ಕೂತವ್ಳೆ.

ನಿಜ ಹೇಳ್ತೀನಿ, ಮೊದ್ಲು ನಾನೂ ಬೇಡ ಅಂದವಳೇ. "ಮನುಷ್ಯರ ಬಗ್ಗೆ ಓದಕ್ಕೆ ಎಂ.ಎ. ಯಾಕೆ ಬೇಕೇ? ಬಸ್ ಸ್ಟ್ಯಾಂಡಲ್ಲಿ ಒಂದು ಗಂಟೆ ಕೂತ್ರೆ ಸಾಕು" ಅಂದೆ. ಅವಳು ವಾದ ಮಾಡ್ಲಿಲ್ಲ. ಎರಡು ದಿನ ಅಜ್ಜಂಪುರಕ್ಕೆ ಬಂದು ನಮ್ಮನೇಲಿದ್ಲು.

ಮಾರನೇ ದಿನ ಟ್ರಂಕಿನಿಂದ ನನ್ ಮದುವೆ ಮುಯ್ಯಿ ಪುಸ್ತಕ ತೆಗೆದ್ಲು. ಯಾರು ಹನ್ನೊಂದು ರೂಪಾಯಿ, ಯಾರು ಸ್ಟೀಲ್ ಡಬರಿ, ಯಾರು ರವಿಕೆ ಕಣ ಅಂತ ನಮ್ಮಪ್ಪ ಬರೆಸಿದ್ದು. "ಈ ಹನ್ನೊಂದು ರೂಪಾಯಿ ವಾಪಸ್ ಕೊಟ್ರಾ ದೊಡ್ಡಮ್ಮ?" ಅಂತ ಶುರು ಮಾಡಿದ್ಲು. ಒಂದೊಂದು ಹೆಸರಿಗೂ ಒಂದೊಂದು ಕತೆ. ಕೊಟ್ಟಿದ್ದಷ್ಟೇ ಕೊಟ್ರೆ ಲೆಕ್ಕ ಚುಕ್ತಾ ಆಯ್ತು ಅಂತ ಅರ್ಥ, ಸ್ವಲ್ಪ ಮೇಲೆ ಹಾಕಿ ಕೊಟ್ರೆ ಬಳಕೆ ಮುಂದುವರೀಲಿ ಅಂತ ಅರ್ಥ. ಇದನ್ನ ನಂಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಕೇಳಿದಾಗ್ಲೇ ನಂಗಿದು ಗೊತ್ತಿತ್ತು ಅಂತ ಗೊತ್ತಾಗಿದ್ದು.

ಆಗ ಅವಳು ಹೇಳಿದ್ಲು: ಫ್ರಾನ್ಸ್ ದೇಶದ ಮಾರ್ಸೆಲ್ ಮಾಸ್ ಅನ್ನೋರು 1925ರಲ್ಲೇ ಇದರ ಬಗ್ಗೆ ಬರೆದವ್ರಂತೆ. ಉಡುಗೊರೆ ಅನ್ನೋದು ಪುಕ್ಕಟೆ ಅಲ್ಲ, ಅದರಲ್ಲಿ ಮೂರು ಕಟ್ಟುಪಾಡು ಐತೆ: ಕೊಡಬೇಕು, ಕೊಟ್ಟಿದ್ದನ್ನ ತಗೋಬೇಕು, ತಿರುಗಿ ಕೊಡಬೇಕು. ಆ ಮನುಷ್ಯ ನಮ್ಮೂರ ಮದುವೆ ನೋಡಿದವರಲ್ಲ. ಆದ್ರೂ ನಮ್ ಟ್ರಂಕಿನ ಪುಸ್ತಕಕ್ಕೆ ಸರಿಯಾಗಿ ಹೊಂದುತ್ತೆ.

ಇನ್ನೊಂದು ಹೇಳ್ತೀನಿ ಕೇಳ್ರಿ. ನಾವು ಅಪ್ಪನ ಅಕ್ಕತಂಗೀರಿಗೂ ಅತ್ತೆ ಅಂತೀವಿ, ಸೋದರಮಾವನ ಹೆಂಡತಿಗೂ ಅತ್ತೆ ಅಂತೀವಿ, ಗಂಡನ ತಾಯಿಗೂ ಅತ್ತೆ. ದೊಡ್ಡಮ್ಮನ ಮಕ್ಕಳು ಅಣ್ಣತಮ್ಮ ಆಗ್ತಾರೆ, ಅತ್ತೆ ಮಕ್ಕಳು ಮಾತ್ರ ವರಸೆಗೆ ಬರ್ತಾರೆ. ಉತ್ತರದ ಕಡೆ ಹಿಂಗಿಲ್ಲ. ಈ ಕರೆಯೋ ಮಾತುಗಳಿಗೂ ಯಾರು ಯಾರನ್ನ ಮದುವೆ ಆಗಬಹುದು ಅನ್ನೋದಕ್ಕೂ ನಂಟು ಐತೆ ಅಂತ ದೇಶದ ಎಲ್ಲಾ ಕಡೆಯದನ್ನ ಹೋಲಿಸಿ ಇರಾವತಿ ಕರ್ವೆ 1953ರಲ್ಲಿ ಪುಸ್ತಕ ಮಾಡಿದ್ರು. ಪುಣೆಯ ಡೆಕ್ಕನ್ ಕಾಲೇಜಲ್ಲಿ ಕಲಿಸ್ತಿದ್ದ ಹೆಂಗಸು ಅವರು. ನಾವು ಮದುವೆ ಮಾತುಕತೆಗೆ ಕೂತಾಗ ವರಸೆ ನೋಡ್ತೀವಲ್ಲ, ಅದೇ ಒಂದು ಶಾಸ್ತ್ರ.

ಹಂಗಂತ ಬರೀ ಹೊಗಳಲ್ಲ. ನಮ್ಮತ್ತೆ ಅಲ್ಲೇ ಕೂತಿದ್ರು. ಹಿಂದೆ ಈರುಳ್ಳಿ ಕೀಳಕ್ಕೆ, ರಾಗಿ ಕಳೆ ತೆಗೆಯಕ್ಕೆ ಯಾರ ಮನೆಗೆ ಎಷ್ಟು ಮುಯ್ಯಾಳು ಹೋಗಿದ್ರು, ಯಾರು ತಿರುಗಿ ಬರಲಿಲ್ಲ, ಎಲ್ಲಾ ಹೇಳಿದ್ರು. ಹೇಳಿ ಮುಗಿಸಿ ಒಂದು ಮಾತು ಕೇಳಿದ್ರು: "ಇದನ್ನೆಲ್ಲ ಬರ್ಕೊಂಡು ಏನ್ ಮಾಡ್ತೀಯವ್ವ? ನಾಳೆ ಆ ಮನೆಯೋರು ಓದಿದ್ರೆ ನನ್ ಮುಖ ನೋಡ್ತಾರಾ?" ಹುಡುಗಿ ಸುಮ್ಮನಾದ್ಲು. ಬರ್ಕೊಂಡಿದ್ದ ಹಾಳೇನ ಅಜ್ಜಿ ಕೈಗೇ ಕೊಟ್ಟು, "ನೀನು ಬೇಡ ಅಂದ್ರೆ ಇದು ನಿಂದೇ" ಅಂದ್ಲು. ನಮ್ಮತ್ತೆ ಆ ಹಾಳೆ ಸೊಂಟಕ್ಕೆ ಸಿಗಿಸ್ಕೊಂಡ್ರು. ವಾಪಸ್ ಕೊಡ್ಲಿಲ್ಲ. ಕೊಡದೆ ಇರೋದು ಅವರ ಹಕ್ಕು ಅಂತ ನಂಗೂ ಅನ್ಸುತ್ತೆ.

ನನ್ ಅಭಿಪ್ರಾಯ ಬದಲಾಗಿದ್ದು ಆ ಹೊತ್ತಲ್ಲೇ. ಕೇಳೋದನ್ನ ಕಲಿತವಳು, ಬೇಡ ಅಂದಾಗ ಬಿಡೋದನ್ನೂ ಕಲಿತವಳೆ ಅಂದ್ರೆ ಇವಳು ಹೋಗ್ಲಿ.

ಮೈಸೂರಿನ ಎಂ.ಎನ್. ಶ್ರೀನಿವಾಸ್ ಅವರ ಹೆಸರು ನಿಮ್ಮಲ್ಲಿ ಕೆಲವರು ಕೇಳಿರ್ತೀರ. 1948ರಲ್ಲಿ ಮೈಸೂರು ಸೀಮೆಯ ಕೊಡಗಹಳ್ಳಿಗೆ ಹೋಗಿ ತಿಂಗಳಾನುಗಟ್ಟಲೆ ಇದ್ದು ಊರನ್ನ ನೋಡಿದ್ರು. ಪುಸ್ತಕದಲ್ಲಿ ಊರಿಗೆ ರಾಂಪುರ ಅಂತ ಬೇರೆ ಹೆಸರಿಟ್ರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಅವರು ಸಿದ್ಧಮಾಡಿಟ್ಟಿದ್ದ ಟಿಪ್ಪಣಿಗಳು ಬೆಂಕಿಗೆ ಸುಟ್ಟುಹೋದ್ವು. ಕೊನೆಗೆ ಬಹಳಷ್ಟು ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು. ದೊಡ್ಡ ಕೆಲಸವೇ. ಆದ್ರೆ ಒಬ್ಬ ಗಂಡಸು ಹೋಗಿ ಕೂತ್ರೆ ಜಗುಲಿ ಮಾತು ಸಿಗುತ್ತೆ, ಅಡುಗೆಮನೆ ಮಾತು ಅಷ್ಟು ಸಲೀಸಾಗಿ ಸಿಗಲ್ಲ. ಮುಯ್ಯಿ ಲೆಕ್ಕ ಗಂಡಸರ ಕೈಬರಹದಲ್ಲಿದ್ರೂ ಅದರ ನೆನಪು ಹೆಂಗಸರ ತಲೇಲಿರೋದು. ಅದನ್ನ ಕೇಳಕ್ಕೆ ನಮ್ ಹುಡುಗೀರೇ ಬೇಕು.

ತಂಗಿ ಗಂಡನ ಭಯ ಬೇರೆ. "ಪಿಎಚ್.ಡಿ. ಅಂದ್ರೆ ಒಂದು ವರ್ಷ ಯಾವುದೋ ಊರಲ್ಲಿ ಒಬ್ಳೇ ಇರಬೇಕಂತೆ, ಹೆಣ್ಣುಮಗು ಹೆಂಗ್ ಕಳಿಸೋದು?" ಅಂತಾರೆ. ನಾನು ಅವರಿಗೆ ಒಂದೇ ಮಾತು ಕೇಳಿದೆ. ಇಪ್ಪತ್ತೆರಡು ವರ್ಷದ ಹುಡುಗೀನ ಗೊತ್ತಿಲ್ಲದ ಮನೆಗೆ ಸೊಸೆ ಮಾಡಿ ಕಳಿಸ್ತೀವಲ್ಲ, ಅದಕ್ಕಿಂತ ಇದು ಹೆಂಗೆ ಹೆಚ್ಚು? ಆ ಮನೆ ಊಟ, ಮಾತು, ಯಾರ ಎದುರು ಕೂರಬೇಕು, ಯಾರ ಎದುರು ಕೂರಬಾರದು, ಎಲ್ಲಾ ಅವಳೇ ನೋಡಿ ಕಲೀಬೇಕು. ಯಾರೂ ವಿದ್ಯಾರ್ಥಿವೇತನ ಕೊಡಲ್ಲ, ವರ್ಷ ಮುಗಿದ ಮೇಲೆ ವಾಪಸ್ ಬಾ ಅನ್ನೋರೂ ಇಲ್ಲ. ಅವರು ನಕ್ಕರು, ಉತ್ತರ ಕೊಡ್ಲಿಲ್ಲ. ಭಯ ಸುಳ್ಳು ಅಂತ ನಾನು ಹೇಳಲ್ಲ. ಹೋಗೋ ಊರಲ್ಲಿ ಇರಕ್ಕೆ ಒಂದು ಮನೆ, ಕಷ್ಟಕ್ಕೆ ಕರೆಯಕ್ಕೆ ಇಬ್ಬರು ಹೆಂಗಸರ ಫೋನ್ ನಂಬರ್, ಇಷ್ಟು ನೋಡ್ಕೊಂಡೇ ಕಳಿಸ್ಬೇಕು. ಸೊಸೆ ಕಳಿಸುವಾಗ್ಲೂ ಇಷ್ಟು ನೋಡಿದ್ರೆ ಚೆನ್ನಾಗಿತ್ತು.

ಇನ್ನು ಅರ್ಜಿ ವಿಷಯ, ನಿಮ್ಮನೇಲೂ ಯಾರಾದ್ರೂ ಹೊರಟಿದ್ರೆ ಉಪಯೋಗಕ್ಕೆ ಬರ್ಲಿ ಅಂತ ಹೇಳ್ತೀನಿ. ಮಾನವಶಾಸ್ತ್ರ ಓದಕ್ಕೆ ದೂರ ಹೋಗ್ಲೇಬೇಕು ಅಂತಿಲ್ಲ. ಬೀರೂರಲ್ಲಿ ರೈಲು ಹತ್ತಿದ್ರೆ ಧಾರವಾಡ, ಅಲ್ಲಿ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ವಿಭಾಗ ಐತೆ. ಮೈಸೂರಿನ ಮಾನಸ ಗಂಗೋತ್ರೀಲೂ ಐತೆ. ಹೈದರಾಬಾದ್, ಪಾಂಡಿಚೇರಿ ಥರದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಿಯುಇಟಿ ಪಿಜಿ ಪರೀಕ್ಷೆ ಬರೀಬೇಕು. ಎಲ್ಲಿ ಯಾವ ಪದವಿ ನಡೆಯುತ್ತೆ, ಕೊನೇ ದಿನ ಯಾವಾಗ ಅಂತ ಮೊದ್ಲೇ ನೋಡ್ಕೋಬೇಕು.

ಹೊರದೇಶದ್ದು ಅಂದ್ರೆ, ಯಾಕೆ ಓದ್ತೀನಿ ಅಂತ ಎರಡು ಪುಟ ಬರೀಬೇಕು, ಸಾಮಾನ್ಯವಾಗಿ ಮೂವರು ಮೇಷ್ಟ್ರ ಪತ್ರ ಬೇಕು. ಅಮೆರಿಕದಲ್ಲಿ ಬಹಳ ಕಡೆ ಪಿಎಚ್.ಡಿ.ಗೆ ಫೀಸು ಬಿಟ್ಟು ಖರ್ಚಿಗೂ ಹಣ ಕೊಡ್ತಾರೆ. ಎಂ.ಎ.ಗೆ ಹಂಗಲ್ಲ, ಹೆಚ್ಚಾಗಿ ನಾವೇ ಕಟ್ಟಬೇಕು. ಅದಕ್ಕೆ ಅಡಿಕೆ ತೋಟ ಅಡ ಇಡೋದು ಬೇಡ ಅಂತ ನನ್ ಖಂಡಿತ ಅಭಿಪ್ರಾಯ. ಎಂ.ಎ. ಇಲ್ಲೇ ಮಾಡ್ಲಿ, ಪಿಎಚ್.ಡಿ.ಗೆ ಅವರ ಖರ್ಚಲ್ಲಿ ಹೋಗ್ಲಿ. ಪರಿಶಿಷ್ಟ ಜಾತಿ, ಅಲೆಮಾರಿ, ಭೂಮಿ ಇಲ್ಲದ ಕೂಲಿಯವರ ಮಕ್ಕಳಿಗೆ ಹೊರದೇಶದಲ್ಲಿ ಓದಕ್ಕೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಒಂದೈತೆ. ಆದ್ರೆ 2022ರಲ್ಲಿ ಅದರ ನಿಯಮ ಬದಲಿಸಿ, ಭಾರತದ ಸಂಸ್ಕೃತಿ, ಇತಿಹಾಸ, ಸಮಾಜದ ಮೇಲಿನ ವಿಷಯಕ್ಕೆ ಕೊಡಲ್ಲ ಅಂದ್ರು. ನಮ್ ತಾಂಡಾದ ಹುಡುಗಿ ತನ್ನ ತಾಂಡಾದ ಬಗ್ಗೆ ಹೊರಗೆ ಹೋಗಿ ಓದಬಾರದು ಅಂತಾಯ್ತಲ್ಲ. ಇದು ನಂಗೆ ಸರಿ ಕಾಣಲ್ಲ. ಅರ್ಜಿ ಹಾಕೋರು ಆ ವರ್ಷದ ನಿಯಮ ಓದ್ಕೊಂಡೇ ಹಾಕ್ರಿ.

ಹುಡುಗಿ ಬರೆದಿದ್ದ ಮೊದಲ ಎರಡು ಪುಟ ನಂಗೆ ಓದಿ ಹೇಳಿದ್ಲು. "ಚಿಕ್ಕಂದಿನಿಂದಲೂ ನನಗೆ ಸಂಸ್ಕೃತಿಯಲ್ಲಿ ಅಪಾರ ಆಸಕ್ತಿ" ಅಂತ ಶುರು. "ಇದನ್ನ ಯಾರ್ ಬೇಕಾದ್ರೂ ಬರೀತಾರೆ ಕಣೇ, ನಿನ್ನ ಪ್ರಶ್ನೆ ಬರಿ" ಅಂದೆ. ಈಗ ಹೊಸದಾಗಿ ಬರೆದವ್ಳೆ: ಹೆಂಗಸರ ಮುಯ್ಯಾಳು ಹೋಗಿ ದಿನಗೂಲಿ ಬಂದ ಮೇಲೆ, ಮದುವೆ ಮುಯ್ಯಿ ಫೋನ್‌ಪೇಗೆ ಬಂದ ಮೇಲೆ, ಯಾರು ಯಾರಿಗೆ ಋಣಿ ಅನ್ನೋದನ್ನ ಈಗ ಹೆಂಗಸರು ಹೆಂಗೆ ನೆನಪಿಟ್ಕೊಳ್ತಾರೆ? ಓದಿ ನಾನೂ ಸ್ವಲ್ಪ ಹೊತ್ತು ಯೋಚನೆ ಮಾಡಿದೆ. ಉತ್ತರ ನಂಗೂ ಗೊತ್ತಿಲ್ಲ.

ಕೆಲಸ ಸಿಗುತ್ತಾ ಅಂತ ಕೇಳ್ತೀರ. ಇಂಜಿನಿಯರಿಂಗ್ ಮಾಡಿದಂಗೆ ಕಾಲೇಜಿಗೇ ಬಂದು ಕರ್ಕೊಂಡು ಹೋಗಲ್ಲ. ಪಾಠ ಹೇಳೋದು, ಮ್ಯೂಸಿಯಂ, ಆರೋಗ್ಯದ ಯೋಜನೆಗಳು, ಮೈಸೂರಲ್ಲೂ ಕೇಂದ್ರ ಇರೋ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆ, ಇಷ್ಟು ದಾರಿ. ಐಎಎಸ್ ಪರೀಕ್ಷೆಗೂ ಈ ವಿಷಯ ತಗೋಬಹುದು. ದಾರಿ ಕಿರಿದು, ಇಲ್ಲ ಅಂತಲ್ಲ. ಅದಕ್ಕೇ ಬಿ.ಎಡ್. ಅರ್ಜೀನೂ ಜೊತೇಲಿ ಹಾಕಿಸಿದೀನಿ. ಅವಳಿಗೆ ಸಿಟ್ಟು ಬಂತು, ಬರ್ಲಿ.

ಅಕ್ಕತಂಗೀರೆ, ಅತ್ತಿಗೇರೆ, ನಾಳೆ ಈ ಹುಡುಗಿ ನೋಟ್‌ಬುಕ್ ಹಿಡ್ಕೊಂಡು ನಿಮ್ಮನೆ ಬಾಗಿಲಿಗೂ ಬರಬಹುದು. ಹೇಳಬೇಕು ಅನ್ಸಿದ್ದು ಹೇಳ್ರಿ, ಬೇಡ ಅನ್ಸಿದ್ದು ಹೇಳಬೇಡ್ರಿ. "ಮದುವೆ ಯಾವಾಗ?" ಅಂತ ಮಾತ್ರ ಕೇಳಬೇಡ್ರಿ. ನಿಮ್ಮನೆ ಮುಯ್ಯಿ ಪುಸ್ತಕ ಅಟ್ಟದ ಮೇಲಿದ್ರೆ ಗೆದ್ದಲು ಹಿಡಿಯೋದ್ರೊಳಗೆ ಒಂದ್ಸಲ ಇಳಿಸಿ ನೋಡ್ಕೊಳ್ರಿ.