ತಿರುಗದ ಬ್ರಷ್ಷು, ಒಂದು ಹಿಡಿ ಕೂದಲು

ಘಣಸೋಲಿಯಲ್ಲಿ ಮನೆ ಮಾಡಿದವರಿಗೆ ಧೂಳಿನ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ. ಒಂದು ಕಡೆ ಥಾಣೆ-ಬೇಲಾಪುರ ರಸ್ತೆಯ ಲಾರಿಗಳು, ಇನ್ನೊಂದು ಕಡೆ ಏಳುತ್ತಲೇ ಇರುವ ಹೊಸ ಕಟ್ಟಡಗಳು. ಬೆಳಿಗ್ಗೆ ಒರೆಸಿದ ಟೀಪಾಯಿಯ ಮೇಲೆ ಸಂಜೆ ಬೆರಳಿನಿಂದ ಹೆಸರು ಬರೆಯಬಹುದು. ಮಗಳಿಗೆ ಧೂಳೆಂದರೆ ಸೀನು, ಸೀನಿನ ಹಿಂದೆಯೇ ಉಬ್ಬಸ. ಹಾಗಾಗಿ ಎರಡು ವರ್ಷದ ಹಿಂದೆ ವೈರ್ ಇಲ್ಲದ, ಕೋಲಿನಂಥ ವ್ಯಾಕ್ಯೂಮ್ ಕ್ಲೀನರ್ ಒಂದನ್ನು ಕೊಂಡಿದ್ದೆವು.

ಅದು ಕೈಕೊಟ್ಟಿದ್ದು ಗಣೇಶ ಚೌತಿಗೆ ಹತ್ತು ದಿನ ಇದ್ದಾಗ. ಅವ್ವ ಧಾರವಾಡದಿಂದ ಬಂದಿದ್ದಳು, ಬರುವಾಗ ನವಲಗುಂದದ ಜಮಖಾನೆಯೊಂದನ್ನು ಹೊತ್ತು ತಂದಿದ್ದಳು. ಹಾಲಿನಲ್ಲಿ ಅದನ್ನು ಹಾಸಿ, ಅದರ ಮೇಲೆ ಕ್ಲೀನರ್ ಓಡಿಸಿದೆ. ಬ್ರಷ್ಷು ಎರಡು ಸೆಕೆಂಡು ತಿರುಗಿ ನಿಂತಿತು. ಕೆಂಪು ದೀಪ ಮಿನುಗಿತು. ಗಾಳಿ ಎಳೆಯುತ್ತಿದೆ, ಬ್ರಷ್ಷು ಮಾತ್ರ ತಿರುಗುತ್ತಿಲ್ಲ.

ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ಬಂದ ಹುಡುಗ ಒಂದೇ ನಿಮಿಷ ನೋಡಿ, ‘ಮೋಟಾರ್ ಗಯಾ, ಪೂರಾ ಹೆಡ್ ಬದಲನಾ ಪಡೇಗಾ’ ಎಂದ. 4,800 ರೂಪಾಯಿ. ಹತ್ತು ದಿನ ಕಾಯಬೇಕು. ಆಫೀಸಿನಲ್ಲಿ ಸರ್ವರ್ ಬಿದ್ದರೆ, ಲಾಗ್ ನೋಡದೆ ‘ಹೊಸ ಸರ್ವರ್ ಹಾಕೋಣ’ ಎನ್ನುವವರನ್ನು ನಾವು ಎಷ್ಟು ಆಡಿಕೊಳ್ಳುತ್ತೇವೆ! ಮನೆಯ ವಿಷಯಕ್ಕೆ ಬಂದಾಗ ನಾನೂ ಆ 4,800ಕ್ಕೆ ‘ಹೂಂ’ ಎನ್ನುವುದರಲ್ಲಿದ್ದೆ.

ತಡೆದವಳು ಅವ್ವ. ‘ತಮ್ಮಾ, ಬಿಚ್ಚಿ ನೋಡಿದ್ಯಾ? ನೋಡದನ ರೊಕ್ಕಾ ಯಾಕ ಕೊಡ್ತಿ?’

ಆ ಭಾನುವಾರ ಪೇಪರ್ ಹಾಸಿಕೊಂಡು ಕುಳಿತೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದರೆ, ನಾನು ಕಲಿತದ್ದು ಇಷ್ಟು.

ಮೊದಲು ಬ್ಯಾಟರಿ ತೆಗೆಯಿರಿ. ವೈರ್ ಇರುವ ಯಂತ್ರವಾದರೆ ಪ್ಲಗ್ ಕೀಳಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಬೆರಳು ಬ್ರಷ್ಷಿನ ಸಂದಿಯಲ್ಲಿದ್ದಾಗ ಯಾರೋ ಬಟನ್ ಒತ್ತಿದರೆ ಗತಿ?

ಆಮೇಲೆ ನಿಮ್ಮ ಬ್ರಷ್ಷು ಯಾವ ಜಾತಿಯದು ಎಂದು ತಿಳಿಯಿರಿ. ಮೂರು ಬಗೆ ಇವೆ. ಕೆಲವಕ್ಕೆ ಮೋಟಾರೇ ಇಲ್ಲ, ಒಳಗೆ ನುಗ್ಗುವ ಗಾಳಿಯೇ ಚಿಕ್ಕದೊಂದು ಚಕ್ರವನ್ನು ತಿರುಗಿಸಿ ಬ್ರಷ್ಷನ್ನು ಓಡಿಸುತ್ತದೆ. ಇಂಥದ್ದು ನಿಂತರೆ ತಪ್ಪು ಬಹುಪಾಲು ಬ್ರಷ್ಷಿನದಲ್ಲ, ಗಾಳಿಯದು: ತುಂಬಿದ ಡಬ್ಬಿ, ಕಟ್ಟಿಕೊಂಡ ಫಿಲ್ಟರ್, ಪೈಪಿನಲ್ಲಿ ಸಿಕ್ಕ ಕಾಲುಚೀಲ. ಎರಡನೆಯದರಲ್ಲಿ ಮುಖ್ಯ ಮೋಟಾರಿನಿಂದ ರಬ್ಬರ್ ಬೆಲ್ಟ್ ಬ್ರಷ್ಷಿಗೆ ಹೋಗಿರುತ್ತದೆ. ಮೋಟಾರಿನ ಸದ್ದು ಕೇಳುತ್ತಿದೆ, ಬ್ರಷ್ಷು ತಿರುಗುತ್ತಿಲ್ಲ, ಸುಟ್ಟ ರಬ್ಬರಿನ ವಾಸನೆ ಬೇರೆ ಎಂದರೆ ಬೆಲ್ಟು ಹರಿದಿದೆ ಇಲ್ಲವೇ ಸಡಿಲಾಗಿದೆ. ಮೂರನೆಯದು ನಮ್ಮದರಂಥದ್ದು. ಕೆಳಗಿನ ಹೆಡ್ಡಿನಲ್ಲೇ ಪುಟ್ಟ ಮೋಟಾರು ಇರುತ್ತದೆ, ಕೋಲಿನ ಮೂಲಕ ಕರೆಂಟು ಹೋಗುತ್ತದೆ. ಇದು ಒಮ್ಮೆಯೂ ಅಲುಗಾಡದಿದ್ದರೆ, ಕೋಲು ಸೇರುವ ಜಾಗದ ಲೋಹದ ಕಡ್ಡಿಗಳನ್ನು ಒಣಬಟ್ಟೆಯಿಂದ ಒರೆಸಿ ನೋಡಿ. ಕೆಲವು ಮಾದರಿಗಳಲ್ಲಿ ಬ್ರಷ್ಷಿಗೇ ಬೇರೆ ಬಟನ್ ಇರುತ್ತದೆ, ಮಕ್ಕಳು ಅದನ್ನು ಆಫ್ ಮಾಡಿರಬಹುದು!

ನಮ್ಮ ಬ್ರಷ್ಷು ತಿರುಗಿ ನಿಲ್ಲುತ್ತಿತ್ತು. ಅಂದರೆ ಕರೆಂಟು ಬರುತ್ತಿದೆ, ಮೋಟಾರು ಸತ್ತಿಲ್ಲ. ಭಾರ ಹೆಚ್ಚಾಗಿ, ಸುಟ್ಟುಹೋಗುವ ಮೊದಲೇ ಯಂತ್ರ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತಿದೆ. ಕೈಯಿಂದ ತಿರುಗಿಸಿ ನೋಡಿದೆ. ಬಿಗಿ. ನೆನೆದ ಮರದ ಬಾಗಿಲಿನ ಹಾಗೆ ಬಿಗಿ.

ಬ್ರಷ್ಷಿನ ನಡುವೆ ಸುತ್ತಿದ್ದ ಕೂದಲನ್ನು ಕತ್ತರಿಯಿಂದ ಸೀಳಿ ತೆಗೆದೆ. ಆದರೂ ಬಿಗಿ. ಆಮೇಲೆ ಪಕ್ಕದ ಮುಚ್ಚಳದ ಗೀರಿಗೆ ಒಂದು ರೂಪಾಯಿ ನಾಣ್ಯ ಇಟ್ಟು ತಿರುಗಿಸಿದಾಗ ಬ್ರಷ್ಷು ಈಚೆ ಬಂತು. ಅಸಲಿ ರೋಗ ಅಲ್ಲಿತ್ತು. ತುದಿಯ ಬೇರಿಂಗಿನ ಸುತ್ತ ಕೂದಲು ಉಂಗುರದಂತೆ ಗಟ್ಟಿಯಾಗಿ ಕೂತಿತ್ತು. ಹೊರಗಿನಿಂದ ಅದು ಕಾಣುವುದೇ ಇಲ್ಲ. ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ಅರ್ಧ ಗಂಟೆ ಎಳೆದೆ. ಜಮಖಾನೆಯ ಕುಚ್ಚಿನ ನೂಲೂ ಎರಡೆಳೆ ಇತ್ತು. (ಜಮಖಾನೆಯ ಅಂಚಿನಲ್ಲಿ ಬ್ರಷ್ಷನ್ನು ನಿಲ್ಲಿಸಿ, ಬರೀ ಗಾಳಿಯಿಂದ ಎಳೆಯಬೇಕು.) ಬೇರಿಂಗಿಗೆ ಅಡುಗೆ ಎಣ್ಣೆ ಹಾಕುವ ಬುದ್ಧಿ ಬಂದಿತ್ತು. ಹಾಕಲಿಲ್ಲ, ನೀವೂ ಹಾಕಬೇಡಿ. ಎಣ್ಣೆಗೆ ಧೂಳು ಅಂಟಿ ಮತ್ತೆ ಅದೇ ಕಥೆ. ಫಿಲ್ಟರ್ ತೊಳೆದರೆ ಪೂರ್ತಿ ಒಣಗುವವರೆಗೆ ಹಾಕಬೇಡಿ, ನಮ್ಮ ಮಳೆಗಾಲದಲ್ಲಿ ಅದಕ್ಕೆ ಎರಡು ದಿನವೂ ಬೇಕಾದೀತು.

ಮತ್ತೆ ಜೋಡಿಸಿ ಬಟನ್ ಒತ್ತಿದೆ. ಬ್ರಷ್ಷು ಗಿರ್ರನೆ ತಿರುಗಿತು. ಖರ್ಚು ಸೊನ್ನೆ.

ಈ ತಿರುಗುವ ಬ್ರಷ್ಷಿನ ಹಿಂದೆಯೂ ಒಬ್ಬ ಉಬ್ಬಸದ ರೋಗಿ ಇದ್ದಾನೆ. ಅಮೆರಿಕದ ಓಹಾಯೊ ರಾಜ್ಯದ ಕ್ಯಾಂಟನ್ ಊರಿನ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ದೊಡ್ಡ ಅಂಗಡಿಯೊಂದರಲ್ಲಿ ಕಸ ಗುಡಿಸುವ ಕೆಲಸ ಅವನದು. ಧೂಳಿಗೆ ಉಸಿರು ಕಟ್ಟುತ್ತಿತ್ತು. ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ತಲೆದಿಂಬಿನ ಚೀಲ ಸೇರಿಸಿ ತನಗೆ ಬೇಕಾದ ಯಂತ್ರವನ್ನು ತಾನೇ ಕಟ್ಟಿಕೊಂಡ. ಅದರಲ್ಲಿ ತಿರುಗುವ ಬ್ರಷ್ಷೂ ಇತ್ತು. 1908ರಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನು ಕೊಂಡವರು ಹೂವರ್ ಎಂಬ ಚರ್ಮದ ಸಾಮಾನಿನ ವ್ಯಾಪಾರಿ. ಹೆಸರು ಉಳಿದದ್ದು ಹೂವರ್‌ನದು. ಗುಡಿಸುವವನ ಹೆಸರು ಯಾರಿಗೆ ನೆನಪಿರುತ್ತದೆ, ಹೇಳಿ.

ಇಲ್ಲಿಗೆ ಅಂಕಣ ಮುಗಿಯಬೇಕಿತ್ತು. ಆದರೆ ಪೇಪರಿನ ಮೇಲೆ ಬಿದ್ದ ಕೂದಲನ್ನು ಅವ್ವ ಕೈಯಲ್ಲಿ ಹಿಡಿದು ಕೂತಿದ್ದಳು. ಪೂರಾ ಒಂದು ಹಿಡಿ. ಅವಳದು ಬಿಳಿಗೂದಲು, ಮಗಳದು ಬಾಬ್‌ಕಟ್. ಇದು ಉದ್ದದ್ದು, ಕಪ್ಪು.

‘ಈ ಹುಡುಗಿ ಕೂದ್ಲಾ ಇಷ್ಟ್ಯಾಕ ಉದರಾಕತ್ತಾವ? ನೀ ಏನರ ಕೇಳಿಯೇನು?’

ನಾನು ಕೇಳಿರಲಿಲ್ಲ. ಮೂರು ತಿಂಗಳ ಹಿಂದಷ್ಟೇ ಬ್ರಷ್ಷನ್ನು ಸ್ವಚ್ಛ ಮಾಡಿದ್ದೆ, ಆಗ ಇದರ ಕಾಲುಭಾಗವೂ ಇರಲಿಲ್ಲ. ಹೆಂಡತಿ ‘ರೀ, ಯಾಕೋ ಭಾಳ ಸುಸ್ತು’ ಎಂದು ಎರಡು ಮೂರು ಸಲ ಹೇಳಿದ್ದಳು. ಅವಳದೂ ಐಟಿ ಕೆಲಸವೇ. ‘ದಿನಾ ಲೋಕಲ್‌ನಲ್ಲಿ ನಿಂತು ಹೋಗಿ ಬಂದರೆ ಯಾರಿಗಿಲ್ಲ ಸುಸ್ತು’ ಎಂದು ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಉತ್ತರಿಸಿದ್ದೆ. ಸರ್ವಿಸ್ ಹುಡುಗ ಒಂದು ನಿಮಿಷವಾದರೂ ಯಂತ್ರವನ್ನು ನೋಡಿದ್ದ. ನಾನು ಅಷ್ಟನ್ನೂ ಮಾಡಿರಲಿಲ್ಲ.

ಮರುದಿನವೇ ವಾಶಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ಥೈರಾಯ್ಡ್ ಗ್ರಂಥಿ ನಿಧಾನವಾಗಿತ್ತು. ಟಿಎಸ್‌ಎಚ್ 4ರ ಆಸುಪಾಸಿನೊಳಗೆ ಇರಬೇಕಾದದ್ದು 18 ಇತ್ತು. ಡಾಕ್ಟರು ಗಾಬರಿ ಪಡುವಂಥದ್ದೇನಿಲ್ಲ ಎಂದು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳುವ ಒಂದು ಮಾತ್ರೆ ಬರೆದುಕೊಟ್ಟರು. ಆರು ವಾರಕ್ಕೆ ಮತ್ತೆ ಪರೀಕ್ಷೆ. ಕೂದಲು ನಿಲ್ಲಲು ಇನ್ನೂ ಕೆಲವು ತಿಂಗಳು ಬೇಕಂತೆ. ಕೂದಲು ಉದುರುವುದಕ್ಕೆ ಕಾರಣ ನೂರಿವೆ, ಎಲ್ಲವೂ ಥೈರಾಯ್ಡ್ ಅಲ್ಲ. ಆದರೆ ಸುಸ್ತೂ ಅದರ ಜೊತೆಗಿದ್ದರೆ ಒಮ್ಮೆ ತೋರಿಸಿ.

ಇದನ್ನು ಬರೆಯಲೇ ಎಂದು ಅವಳನ್ನೇ ಕೇಳಿದೆ. ‘ಬರೀರಿ. ಆದ್ರ ಬ್ರಷ್ ನಾನು ರಿಪೇರಿ ಮಾಡಿದೆ ಅಂತ ಭಾಳ ಹೊಗಳಿಕೊಳ್ಳಬ್ಯಾಡ್ರಿ’ ಎಂದಳು.

ಇನ್ನೊಂದು ಮಾತು. ಬಿಡಿಭಾಗ ಸಿಗುವುದಿಲ್ಲ, ಪೂರ್ತಿ ಬದಲಿಸಿ ಎಂದು ಯಾರಾದರೂ ಹೇಳಿದರೆ ಸುಮ್ಮನೆ ತಲೆಯಾಡಿಸಬೇಡಿ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ಆರಂಭಿಸಿದೆ. ದೂರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅದಕ್ಕೂ ಮೊದಲು ಒಂದು ರೂಪಾಯಿ ನಾಣ್ಯ ತೆಗೆದುಕೊಂಡು ಮುಚ್ಚಳ ತೆರೆದು ನೋಡಿ.

ಈಗ ತಿಂಗಳ ಮೊದಲ ಭಾನುವಾರ ಬ್ರಷ್ಷು ಬಿಚ್ಚುವುದು ನನ್ನ ಕೆಲಸ. ಈ ಸಲ ಬಂದ ಕೂದಲು ಸ್ವಲ್ಪ ಕಡಿಮೆಯೇ ಇತ್ತು. ಊರಿಗೆ ಮರಳಿರುವ ಅವ್ವನಿಗೆ ಫೋನಿನಲ್ಲಿ ಹೇಳಿದೆ. ‘ಹಂಗಾರ ಛೊಲೊ ಆತು’ ಎಂದವಳು, ‘ಜಮಖಾನಿ ಕುಚ್ಚು ನೋಡ್ಕೊಂಡು ಓಡ್ಸು’ ಎಂದು ಸೇರಿಸಿದಳು.