ಮನೆಗೆಂದು ಕೊಂಡ ನೆಲ, ಮಳಿಗೆಯ ಪಾಲು

ಚೌತಿ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ಅಡುಗೆಮನೆಯ ಕಪಾಟು ಒರಸಿ ಹಳೆಯ ಪತ್ರಿಕೆ ಹಾಸುವುದು ಪದ್ಧತಿ. ಮಿತ್ರರೊಬ್ಬರ ಮನೆಯಲ್ಲಿ ಹೀಗೆ ಹಾಸುತ್ತಿದ್ದಾಗ ಅವರ ಮಗಳ ಕಣ್ಣಿಗೆ ಮರಾಠಿ ಪತ್ರಿಕೆಯ ಮೂಲೆಯಲ್ಲಿದ್ದ ಒಂದು ಜಾಹೀರು ಸೂಚನೆ ಬಿತ್ತು. ಇರುವೆ ಸಾಲಿನಂಥ ಅಕ್ಷರ. ಅದರಲ್ಲಿದ್ದ ಪ್ಲಾಟಿನ ನಂಬರು ಅವರ ಕಟ್ಟಡದ ಎದುರಿನದೇ. ವಸತಿಗೆಂದು ಗೊತ್ತುಪಡಿಸಿದ್ದ ಆ ಜಾಗವನ್ನು ವಾಣಿಜ್ಯ ಉಪಯೋಗಕ್ಕೆ ಬದಲಾಯಿಸುವ ಪ್ರಸ್ತಾಪವಿದೆ, ಆಕ್ಷೇಪಣೆ ಇದ್ದವರು ಒಂದು ತಿಂಗಳೊಳಗೆ ಬರೆದು ತಿಳಿಸತಕ್ಕದ್ದು ಎಂದಿತ್ತು. ಪತ್ರಿಕೆಯ ತಾರೀಕು ನೋಡಿದರೆ ಗಡುವು ಮುಗಿದು ಹತ್ತು ದಿನ ಕಳೆದಿತ್ತು. ಅರವತ್ತನಾಲ್ಕು ಮನೆಗಳ ಸೊಸೈಟಿ ಅದು. ಒಬ್ಬರಿಗೂ ಸುದ್ದಿ ಇರಲಿಲ್ಲ.

ಊರು ಯಾವುದು, ಸೆಕ್ಟರು ಯಾವುದು ಎಂದು ನಾನು ಬರೆಯುವುದಿಲ್ಲ. ಠಾಣೆಯಾಗಲಿ, ಡೊಂಬಿವಲಿಯಾಗಲಿ, ಕಲ್ಯಾಣವಾಗಲಿ, ನವಿಮುಂಬಯಿಯಾಗಲಿ, ಓದುಗರು ತಮ್ಮ ತಮ್ಮ ಕಿಟಕಿ ತೆರೆದು ನೋಡಿದರೆ ಸಾಕು.

ನಾವು ಇಲ್ಲಿಗೆ ಬಂದದ್ದು ಹೇಗೆಂಬುದನ್ನು ಒಮ್ಮೆ ನೆನೆಯೋಣ. ಮುಂಬಯಿಯ ಚಾಳಿನ ಒಂದು ಕೋಣೆಯಲ್ಲಿ ಏಳೆಂಟು ಜನ ಮಲಗಿ ಎದ್ದವರು ನಮ್ಮ ಹಿರಿಯರು. ಪ್ರಾವಿಡೆಂಟ್ ಫಂಡಿನಿಂದ ಸಾಲ ಎತ್ತಿ, ಹೆಂಡತಿಯ ಬಳೆ ಅಡವಿಟ್ಟು, ಊರಿನ ಗದ್ದೆಯ ಪಾಲನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟು ಈ ಕಡೆ ಒಂದು ಓನರ್‌ಶಿಪ್ ಫ್ಲಾಟು ಮಾಡಿಕೊಂಡರು. ವಾಶಿಗೆ ರೈಲು ಬಂದದ್ದೇ 1992ರಲ್ಲಿ. ಅದಕ್ಕೂ ಮೊದಲು ಹೋದವರು ಖಾಡಿಯ ಸೇತುವೆಯ ಮೇಲೆ ಬಸ್ಸಿನಲ್ಲಿ ತೂಗಾಡುತ್ತ ಹೋದರು. ಅಷ್ಟೆಲ್ಲ ಕಷ್ಟಪಟ್ಟು ಕೊಂಡದ್ದು ನಾಲ್ಕು ಗೋಡೆಯನ್ನಷ್ಟೇ ಅಲ್ಲ. ಇಲ್ಲಿ ಶಾಲೆ, ಇಲ್ಲಿ ಮೈದಾನ, ಇಲ್ಲಿ ಅಂಗಡಿ ಸಾಲು, ಉಳಿದದ್ದು ಮನೆ ಎಂದು ಗೋಡೆಗೆ ತೂಗುಹಾಕಿದ್ದ ಆ ಬಣ್ಣದ ನಕ್ಷೆಯನ್ನೂ ಕೊಂಡರು. ಬೆಲೆ ತೆತ್ತದ್ದು ಅದನ್ನು ನಂಬಿ. ನಂಬಿಸಿ ಮಾರಿದ ಮೇಲೆ ನಕ್ಷೆಯ ಬಣ್ಣ ಬದಲಾಯಿಸುವುದಕ್ಕೆ ಬೇರೆ ಯಾವ ವ್ಯಾಪಾರದಲ್ಲಾದರೂ ಒಂದು ಹೆಸರಿದೆ. ನಗರ ಯೋಜನೆಯಲ್ಲಿ ಮಾತ್ರ ಅದಕ್ಕೆ ‘ಮಾರ್ಪಾಡು’ ಎನ್ನುತ್ತಾರೆ.

ಇನ್ನೊಂದು ಮಾತು, ನಮಗಿಂತ ಮೊದಲಿನವರದು. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ, 95 ಹಳ್ಳಿಗಳ 344 ಚದರ ಕಿಲೋಮೀಟರು ಪ್ರದೇಶದಲ್ಲಿ ಹೊಸ ನಗರ ಕಟ್ಟಲು ಹೊರಟಾಗ ನೆಲ ಕಳೆದುಕೊಂಡವರು ಆಗರಿ, ಕೋಳಿ ರೈತರು. ನ್ಯಾಯವಾದ ಬೆಲೆ ಕೇಳಿದ್ದಕ್ಕೆ 1984ರ ಜನವರಿಯಲ್ಲಿ ಉರಣ ತಾಲೂಕಿನಲ್ಲಿ ಪೋಲೀಸರ ಗುಂಡಿಗೆ ಐವರು ಬಲಿಯಾದರು. ದಿ. ಬಾ. ಪಾಟೀಲರ ನಾಯಕತ್ವದ ಆ ಚಳವಳಿಯ ಫಲವಾಗಿಯೇ ಮುಂದೆ ಶೇಕಡಾ 12.5 ಅಭಿವೃದ್ಧಿಪಡಿಸಿದ ಭೂಮಿಯನ್ನು ಅವರಿಗೆ ಮರಳಿಸುವ ಯೋಜನೆ ಬಂತು. ಅವರ ಗದ್ದೆ, ಉಪ್ಪಿನಗುಂಡಿಗಳನ್ನು ತೆಗೆದುಕೊಂಡದ್ದು ಸಾರ್ವಜನಿಕ ಕಾರ್ಯಕ್ಕೆ, ಜನಕ್ಕೆ ಮನೆ ಬೇಕೆಂದು. ಹಾಗೆ ಪಡೆದ ನೆಲದಲ್ಲಿ ಮನೆಯ ಜಾಗವನ್ನೂ ಮಕ್ಕಳ ಮೈದಾನವನ್ನೂ ಹೆಚ್ಚು ಬೆಲೆ ಕೂಗಿದವನಿಗೆ ಕೊಟ್ಟರೆ ಮೋಸ ಹೋದವರು ನಾವು ಮಾತ್ರವಲ್ಲ.

ಕಾನೂನೇ ಇಲ್ಲವೆ ಎಂದು ಕೇಳಬಹುದು. ಇದೆ. 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯಿದೆಯ 37ನೆಯ ಕಲಮು ಓದಿ ನೋಡಿ. ಮಂಜೂರಾದ ಅಭಿವೃದ್ಧಿ ನಕ್ಷೆಯಲ್ಲಿ ಸಣ್ಣ ಮಾರ್ಪಾಡು ಮಾಡಬೇಕಾದರೆ ಅದು ನಕ್ಷೆಯ ಮೂಲ ಸ್ವರೂಪವನ್ನು ಬದಲಾಯಿಸಕೂಡದು. ಗೆಜೆಟಿನಲ್ಲಿ ಸೂಚನೆ ಪ್ರಕಟಿಸಿ, ಯಾರಿಂದ ಬೇಕಾದರೂ ಆಕ್ಷೇಪಣೆ ಕರೆಯಬೇಕು, ಬಾಧಿತರಾಗುವವರಿಗೆ ಪ್ರತ್ಯೇಕ ತಿಳಿಸಬೇಕು. ಇಷ್ಟೂ ಚೆನ್ನಾಗಿಯೇ ಇದೆ. ಆದರೆ ಒಂದು ಪ್ಲಾಟು ಬದಲಾದರೆ ‘ಸಣ್ಣದು’. ಮುಂದಿನ ವರ್ಷ ಪಕ್ಕದ್ದು ಬದಲಾದರೆ ಅದೂ ‘ಸಣ್ಣದು’. ಹೀಗೆ ಸಣ್ಣ ಸಣ್ಣದಾಗಿ ತಿಂದು ಮುಗಿದ ರೊಟ್ಟಿಯನ್ನು ಯಾವ ಕಲಮೂ ಮರಳಿ ಬೇಯಿಸಿ ಕೊಡುವುದಿಲ್ಲ.

ಕೆಲವು ಕಡೆ ಈ ಸೂಚನೆಯ ತೊಡಕೂ ಇಲ್ಲ. 2020ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಏಕೀಕೃತ ಅಭಿವೃದ್ಧಿ ನಿಯಂತ್ರಣ ನಿಯಮಾವಳಿ ಮುಂಬಯಿ ನಗರಕ್ಕಲ್ಲದಿದ್ದರೂ ನಮ್ಮ ಈ ಪಾಲಿಕೆಗಳಿಗೆ ಅನ್ವಯಿಸುತ್ತದೆ. ಅದರಲ್ಲಿ ವಸತಿ ವಲಯ ಎರಡು ಬಗೆಯದು, ಮತ್ತು ಆ ಭೇದ ನಿಂತಿರುವುದು ಎದುರಿನ ರಸ್ತೆಯ ಅಗಲದ ಮೇಲೆ. ಹಳೆಯ ದಟ್ಟ ಪೇಟೆಯ ಹೊರಗೆ 12 ಮೀಟರು ಅಥವಾ ಹೆಚ್ಚು ಅಗಲದ ರಸ್ತೆಗೆ ತಾಗಿದ ಜಾಗ ಹೆಸರಿಗೆ ವಸತಿಯದೇ. ಆದರೆ ಅಲ್ಲಿ ಕಚೇರಿ, ಹೊಟೇಲು, ದೊಡ್ಡ ಮಳಿಗೆ ಎಲ್ಲಕ್ಕೂ ದಾರಿಯುಂಟು. ಅಂದರೆ ನಿಮ್ಮ ಗಲ್ಲಿಯ ರಸ್ತೆ ಅಗಲವಾಗುತ್ತದೆಂದು ನಕ್ಷೆಯಲ್ಲಿ ಗೆರೆ ಸರಿದ ದಿನ ನೀವು ಪೇಡೆ ಹಂಚುತ್ತೀರಿ. ಗೆರೆಯ ಹಿಂದೆ ಬರುವುದೇನೆಂದು ಯಾರೂ ಹೇಳಿರುವುದಿಲ್ಲ.

ಘನ್ಸೋಲಿಯ ಪ್ರಕರಣ ಎಲ್ಲರೂ ತಿಳಿದಿರಬೇಕಾದದ್ದು. ಅಲ್ಲಿ ಸರಕಾರಿ ಕ್ರೀಡಾ ಸಂಕೀರ್ಣಕ್ಕೆಂದು ಸುಮಾರು 20 ಎಕರೆ ಮೀಸಲಾಗಿತ್ತು. 2021ರಲ್ಲಿ ಸರಕಾರ ಆ ಕ್ರೀಡಾ ಸಂಕೀರ್ಣವನ್ನು ರಾಯಗಡ ಜಿಲ್ಲೆಯ ಮಾಣಗಾಂವ್ ತಾಲೂಕಿಗೆ ಸಾಗಿಸಲು ನಿರ್ಧರಿಸಿತು. ದೂರ ನೂರು ಕಿಲೋಮೀಟರಿಗೂ ಹೆಚ್ಚು! ಘನ್ಸೋಲಿಯ ಹುಡುಗ ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಓಡಿ ಹೋಗಿ ಆಡಿ ಬರಲಿ ಎಂದಿರಬೇಕು. ಇತ್ತ ಆ ಜಾಗದ ಒಂದು ಪಾಲು ಮನೆ-ಮಳಿಗೆ ಕಟ್ಟಲು ಖಾಸಗಿ ಬಿಲ್ಡರರಿಗೆ ಹೋಗಿತ್ತು. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್‌ನ ನವಿಮುಂಬಯಿ ಶಾಖೆಯವರು ಹೈಕೋರ್ಟಿಗೆ ಹೋದರು. 2024ರ ಜುಲೈಯಲ್ಲಿ ಮುಂಬಯಿ ಹೈಕೋರ್ಟು ಸರಕಾರದ ನಿರ್ಧಾರವನ್ನು ರದ್ದುಮಾಡಿತು. ಅಲ್ಲಿ ಕಸಿಯಲು ಹೊರಟದ್ದು ಮೈದಾನ, ಮಿತ್ರರ ಮನೆಯೆದುರು ವಸತಿ ಪ್ಲಾಟು. ರೋಗ ಮಾತ್ರ ಒಂದೇ. ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಆ ಸುತ್ತಮುತ್ತ ನಮ್ಮ ಕನ್ನಡ ಕುಟುಂಬಗಳೇನು ಕಡಿಮೆಯೇ? ನಾವು ಆಗ ನಾಟಕದ ಹಾಲ್ ಬುಕ್ ಮಾಡುವುದರಲ್ಲಿ ಮಗ್ನರಾಗಿದ್ದೆವು.

ಪಾಲಿಕೆಯೂ ನಿದ್ದೆಯಲ್ಲೇ ಇತ್ತೆನ್ನಬೇಕು. ನವಿಮುಂಬಯಿ ಮಹಾನಗರಪಾಲಿಕೆ ಹುಟ್ಟಿದ್ದು 1992ರ ಜನವರಿ 1ರಂದು. ತನ್ನ ಮೊದಲ ಕರಡು ಅಭಿವೃದ್ಧಿ ನಕ್ಷೆಯನ್ನು ಪ್ರಕಟಿಸಿದ್ದು 2022ರ ಆಗಸ್ಟಿನಲ್ಲಿ. ಮೂವತ್ತು ವರ್ಷ! ಅಷ್ಟರಲ್ಲಿ ಪಾಲಿಕೆ ಸಾರ್ವಜನಿಕ ಸೌಲಭ್ಯಕ್ಕೆ ಬೇಕೆನ್ನುತ್ತಿದ್ದ ಪ್ಲಾಟುಗಳಲ್ಲಿ ಹಲವನ್ನು ಸಿಡ್ಕೊ ಮಾರುತ್ತಲೇ ಇತ್ತು. ನಕ್ಷೆ ಪ್ರಕಟವಾದಾಗ ಸಭೆಯಲ್ಲಿ ಎದ್ದು ಕೇಳಲು ಚುನಾಯಿತ ನಗರಸೇವಕರೂ ಇರಲಿಲ್ಲ; 2020ರಲ್ಲಿ ಅವಧಿ ಮುಗಿದು ಆಡಳಿತವೆಲ್ಲ ಅಧಿಕಾರಿಗಳ ಕೈಯಲ್ಲಿತ್ತು.

ಒಮ್ಮೆ ನೆಲದ ಉಪಯೋಗ ಬದಲಾದರೆ ಏನಾಗುತ್ತದೆಂದು ತಿಳಿಯಲು ಲೋಅರ್ ಪರೇಲಿನ ತನಕ ಹೋದರೆ ಸಾಕು. 1991ರ ನಿಯಮ ಮಿಲ್ಲಿನ ನೆಲವನ್ನು ಮೂರು ಪಾಲು ಮಾಡಿತ್ತು: ಒಂದು ಬಯಲು ಜಾಗಕ್ಕೆಂದು ಪಾಲಿಕೆಗೆ, ಒಂದು ಸಾಮಾನ್ಯರ ಮನೆಗೆಂದು ಮ್ಹಾಡಾಕ್ಕೆ, ಒಂದು ಮಾಲಿಕನಿಗೆ. 2001ರಲ್ಲಿ, ಹಂಚುವುದು ಖಾಲಿ ನೆಲವನ್ನು ಮಾತ್ರ ಎಂಬ ತಿದ್ದುಪಡಿ ಬಂತು. ಹೈಕೋರ್ಟು 2005ರಲ್ಲಿ ಜನರ ಪರ ನಿಂತಿತು. 2006ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಬಯಲೂ ಹೋಯಿತು, ಬಡವರ ಮನೆಯೂ ಹೋಯಿತು. ಮಿಲ್ಲಿನ ಆವರಣಗಳಲ್ಲಿ ಕಚೇರಿ, ಮಾಲು, ಮಾಳಿಗೆಯ ಮೇಲಿನ ಪಬ್ಬುಗಳು ಬಂದವು. 2017ರ ಡಿಸೆಂಬರ್ 29ರಂದು ಕಮಲಾ ಮಿಲ್ಲಿನ ಆವರಣದಲ್ಲಿ ಬೆಂಕಿ ಬಿದ್ದು 14 ಮಂದಿ ಸತ್ತರು.

ಈಗ ನಮ್ಮವರ ವಿಷಯಕ್ಕೆ ಬರುತ್ತೇನೆ. ಕೆಲವರಿಗೆ ಸಿಟ್ಟು ಬರುವುದು ನನಗೆ ಗೊತ್ತು. ‘ಸ್ವಾಮಿ, ಕಮರ್ಷಿಯಲ್ ಆದರೆ ಬಿಟ್ಟು ನಾವೇನು ಉಪವಾಸ ಬೀಳಬೇಕೇ? ನಮ್ಮವರ ಹೊಟ್ಟೆಪಾಡೇ ಹೊಟೇಲು’ ಎಂದು ಹೊಟೇಲಿಗರೊಬ್ಬರು ನನ್ನನ್ನು ಗದರಿಸಿದರು. ಊರಿಂದ ಬರಿಗೈಯಲ್ಲಿ ಬಂದ ಹುಡುಗರಿಗೆ ಊಟ ಹಾಕಿ, ರಾತ್ರಿಶಾಲೆಗೆ ಕಳಿಸಿ ಮನುಷ್ಯರನ್ನಾಗಿ ಮಾಡಿದವರು ನಮ್ಮ ಹೊಟೇಲಿಗರು. ಈ ಪತ್ರಿಕೆಯೂ ಅವರ ಜಾಹೀರಾತಿನ ಬಲದಿಂದಲೇ ನಡೆಯುತ್ತಿದೆ. ಆದರೂ ಹೇಳುತ್ತೇನೆ: ಇಡ್ಲಿ, ತರಕಾರಿ, ಔಷಧಿ ಅಂಗಡಿಗೆ ನಕ್ಷೆಯಲ್ಲಿ ಜಾಗವಿದೆ, ಇರಲೇಬೇಕು. ನೆಲಮಾಳಿಗೆಯ ಎರಡು ಫ್ಲಾಟು ಒಡೆದು ಒಂದು ಮಾಡಿ, ಹಿಂದಿನ ಗೋಡೆಗೆ ಹೊಗೆಯ ಕೊಳವೆ ಏರಿಸಿ, ಮೇಲಿನ ಮನೆಯ ಅಜ್ಜಿಯ ದಮ್ಮಿಗೆ ಒಗ್ಗರಣೆ ಹಾಕುವುದು ಬೇರೆ. ಪರ್ಮಿಟ್ ರೂಮಿನ ಎದುರು ರಾತ್ರಿ ಹನ್ನೆರಡಕ್ಕೆ ನಡೆಯುವ ಜಗಳವನ್ನು ಹತ್ತನೆಯ ಇಯತ್ತೆಯ ಮಗು ಪುಸ್ತಕ ಮುಚ್ಚಿ ಕೇಳುವುದು ಬೇರೆ. ಆ ಮಗುವೂ ನಮ್ಮದೇ.

‘ರೇಟು ಏರುತ್ತದಲ್ಲ’ ಎನ್ನುವವರು ಇನ್ನೊಂದು ಗುಂಪು. ಏರುತ್ತದೆ, ಮಾರಿ ಹೋಗುವವನಿಗೆ. ಉಳಿಯುವವನಿಗೆ ಏರುವುದು ನೀರಿನ ಟ್ಯಾಂಕರಿನ ಬಿಲ್ಲು, ಗೇಟಿನ ಮುಂದಿನ ಗಾಡಿಗಳ ಸಾಲು. ಈಗಂತೂ ಹಳೆಯ ಕಟ್ಟಡಗಳ ಪುನರ್ನಿರ್ಮಾಣದ ಕಾಲ. ಬಿಲ್ಡರು ಬಣ್ಣದ ಚಿತ್ರ ತಂದು ‘ಕೆಳಗೆ ಎರಡು ಅಂತಸ್ತು ಶಾಪು, ಮೇಲೆ ನಿಮಗೆ ನೂರು ಚದರಡಿ ಜಾಸ್ತಿ’ ಎಂದರೆ ವಾರ್ಷಿಕ ಸಭೆಯಲ್ಲಿ ಕೈಯೆತ್ತುವವರು ನಾವೇ. ಸಹಿ ಹಾಕಿದ ಮೇಲೆ ಸರಕಾರವನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಹೋರಾಡಿ ಫಲವಿಲ್ಲ ಎಂಬ ನಿರಾಶೆಗೆ ನಮ್ಮ ಬೆಂಗಳೂರಿನದೇ ಉತ್ತರವಿದೆ. ಸದಾಶಿವನಗರದಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಅಭಿವೃದ್ಧಿ ಪ್ರಾಧಿಕಾರ ಖಾಸಗಿ ಆಸ್ಪತ್ರೆಗೆ ಕೊಟ್ಟಿತು. ಅಲ್ಲಿನ ನಿವಾಸಿಗಳು ಬಿಡಲಿಲ್ಲ. ನಿಮಗೇನು ಸಂಬಂಧ ಎಂದು ಅವರನ್ನು ಕೇಳಲಾಯಿತು. 1991ರಲ್ಲಿ ಸುಪ್ರೀಂ ಕೋರ್ಟು, ಆ ಬಡಾವಣೆಯಲ್ಲಿ ವಾಸಿಸುವವರಿಗೆ ಕೇಳುವ ಹಕ್ಕಿದೆಯೆಂದು ಎತ್ತಿಹಿಡಿದು ಆ ಮಂಜೂರಾತಿಯನ್ನು ನಿಲ್ಲಿಸಿತು. ಬೇರೆ ಬಡಾವಣೆಗಳ ಗತಿ ಅಷ್ಟು ಒಳ್ಳೆಯದಾಗಲಿಲ್ಲ; ಇಂದಿರಾನಗರ, ಕೋರಮಂಗಲಗಳಿಗೆ ರಜೆಯಲ್ಲಿ ಹೋಗಿ ಬಂದವರು ನೆಂಟರ ಮನೆಯ ಕೆಳಗೇ ಬಟ್ಟೆ ಅಂಗಡಿ ಕಂಡು ಬಂದಿದ್ದಾರೆ.

ಆದುದರಿಂದ ನಮ್ಮ ಸಂಘಗಳಲ್ಲಿ ನನ್ನ ಬೇಡಿಕೆ ಸಣ್ಣದು. ರಾಜ್ಯೋತ್ಸವ, ಯಕ್ಷಗಾನ, ಹಳದಿ-ಕುಂಕುಮ ಎಲ್ಲವೂ ನಡೆಯಲಿ. ಜತೆಗೆ ಮರಾಠಿ ಚೆನ್ನಾಗಿ ಬಲ್ಲ ಮೂವರು, ಒಬ್ಬ ವಕೀಲ, ಒಬ್ಬ ನಿವೃತ್ತ ಇಂಜಿನಿಯರು ಸೇರಿ ವಾರಕ್ಕೊಮ್ಮೆ ಸಂಘದ ಕೋಣೆಯಲ್ಲಿ ಕುಳಿತು ಜಾಹೀರು ಸೂಚನೆಗಳನ್ನು ಓದಲಿ. ಯಾವ ಪ್ಲಾಟಿನ ಮೇಲೆ ಕಣ್ಣು ಬಿದ್ದಿದೆಯೆಂದು ನೆರೆಯ ಸೊಸೈಟಿಗಳಿಗೆ ತಿಳಿಸಲಿ. ನೆರೆಯವರು ಮರಾಠಿಗರಿರಲಿ, ಮಲೆಯಾಳಿಗಳಿರಲಿ, ಮೈದಾನ ಎಲ್ಲರದು. ಆಕ್ಷೇಪಣೆಯ ಅರ್ಜಿ ಒಂದು ಹಾಳೆಯಷ್ಟಾದರೆ ಸಾಕು: ಪ್ಲಾಟಿನ ನಂಬರು, ಸೂಚನೆಯ ತಾರೀಕು, ನಮ್ಮ ವಿರೋಧದ ಕಾರಣ, ಖುದ್ದಾಗಿ ಹಾಜರಾಗಿ ಹೇಳಿಕೊಳ್ಳಲು ಅವಕಾಶ ಕೊಡಿ ಎಂಬ ಕೋರಿಕೆ. ಮನೆಗೊಂದರಂತೆ ಬೇರೆ ಬೇರೆ ಅರ್ಜಿ ಹಾಕಿ. ಅರವತ್ತನಾಲ್ಕು ಸಹಿಯ ಒಂದು ಅರ್ಜಿ ಲೆಕ್ಕಕ್ಕೆ ಒಂದೇ ಆದೀತು.

ನನ್ನ ಆ ಮಿತ್ರರು ಗಡುವು ಮೀರಿದ್ದರೂ ಅರ್ಜಿ ಕೊಟ್ಟು ಬಂದರು. ಗುಮಾಸ್ತ ತೆಗೆದುಕೊಳ್ಳಲು ಒಪ್ಪಲಿಲ್ಲ, ಇವರು ಕಿಟಕಿ ಬಿಟ್ಟು ಕದಲಲಿಲ್ಲ. ಕೊನೆಗೆ ಆವಕ ವಿಭಾಗದ ಮೊಹರು ಬಿತ್ತು. ಆ ಮೊಹರಿನ ನಕಲು ಈಗ ಅವರ ಫೈಲಿನಲ್ಲಿ ಫ್ಲಾಟಿನ ಎಗ್ರಿಮೆಂಟಿನ ಮೇಲೆಯೇ ಇದೆ. ಎದುರಿನ ಪ್ಲಾಟಿನಲ್ಲಿ ಇನ್ನೂ ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ. ತಗಡಿನ ಬೇಲಿ ಮಾತ್ರ ಬಂದು ಬಿದ್ದಿದೆ, ನಿಲ್ಲಿಸಿಲ್ಲ.